ಒಣಗಿದ್ದು ಒಳಗೆ, ನೆನೆದದ್ದು ಹೊರಗೆ

ನಮ್ಮ ನಾಯಿಯ ತೂಕ ಮೂವತ್ತು ದಿನದೊಳಗೆ ಹದಿನಾಲ್ಕೂವರೆ ಕಿಲೋ ಮುಟ್ಟಬೇಕಿತ್ತು. ಮೊದಲನೇ ದಿನ, ಸೋಮವಾರ, ಅದು ಇದ್ದದ್ದು ಹದಿಮೂರು ಕಿಲೋ ಇನ್ನೂರು ಗ್ರಾಂ. ಮಧುಗಿರಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ದಿನವಿಡೀ ಊರಿನವರ ಸಕ್ಕರೆ, ಹಿಮೋಗ್ಲೋಬಿನ್ ಬರೆಯುವ ಕೈ ಮನೆಗೆ ಬಂದಮೇಲೂ ಸುಮ್ಮನಿರುವುದಿಲ್ಲ. ಹೊಸ ನೋಟ್‌ಬುಕ್ ತೆಗೆದು, ಸ್ಕೇಲಿಟ್ಟು ಗೆರೆ ಎಳೆದು, ದಿನ, ತಿಂದದ್ದು, ಬಿಟ್ಟದ್ದು, ತೂಕ, ಷರಾ ಎಂದು ಐದು ಕಲಂ ಮಾಡಿದೆ. ಕೆಳಗಿನದ್ದೆಲ್ಲ ಆ ಪುಸ್ತಕ ನೋಡಿಕೊಂಡು ಬರೆದದ್ದು.

ಅದರ ಹಿಂದಿನ ಶನಿವಾರ ನಾನೂ ಅಜ್ಜಿಯೂ ಬಾಡಿಗೆ ವ್ಯಾನಿನಲ್ಲಿ ನಾಯಿಯನ್ನು ಸಿರಾಕ್ಕೆ ಕರೆದುಕೊಂಡು ಹೋಗಿದ್ದೆವು. ಹನ್ನೆರಡು ವರ್ಷದ ಹೆಣ್ಣು ನಾಯಿ, ಬೀದಿಯ ಜಾತಿ. ಹೊಟ್ಟೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಅಲ್ಲಿನ ಖಾಸಗಿ ಪಶುವೈದ್ಯರ ಸಹಾಯಕ ನಾಯಿಯನ್ನು ಎತ್ತಿ ಮೇಜಿನ ಮೇಲಿಟ್ಟು ಅದರ ಹಣೆ ನೋಡಿದ. ಅಜ್ಜಿ ದಿನಾ ತನ್ನ ಪೂಜೆ ಮುಗಿಸಿ ಉಳಿದ ವಿಭೂತಿಯನ್ನು ನಾಯಿಗೂ ಹಚ್ಚುತ್ತಾಳೆ.

"ಅರೆ ಅಜ್ಜಿ, ಇದಕ್ಕೆ ಖಾನಾ ಏನಾದ್ರೂ ಕೊಡ್ತೀರೋ, ಬರೀ ವಿಭೂತಿನೋ?" ಎಂದ. "ಹಗುರ ಐತೆ, ಖಾಲಿ ಚೀಲ ಎತ್ತಿದಂಗೆ."

ವೈದ್ಯರು ಪಕ್ಕೆಲುಬು ಎಣಿಸುವವರಂತೆ ಬೆರಳಾಡಿಸಿ, ಏನು ಹಾಕುತ್ತೀರಿ ಎಂದು ಕೇಳಿದರು.

"ನಾವು ತಿನ್ನೋದೇ ಸಾರ್. ಮುದ್ದೆ, ಅನ್ನ, ಮಜ್ಜಿಗೆ" ಎಂದೆ.

"ನೀವು ನಾಯಿ ಅಲ್ಲವಲ್ಲಮ್ಮ."

ಗಂಟು ತೆಗೆಯಬೇಕು, ತಡಮಾಡಿದರೆ ಹರಡುತ್ತದೆ, ಆದರೆ ಈ ಮೈಯಲ್ಲಿ ಅರಿವಳಿಕೆ ಕೊಟ್ಟರೆ ಅದು ಮತ್ತೆ ಏಳುತ್ತದೆಂದು ಹೇಳಲಾರೆ ಎಂದರು. ಒಂದು ತಿಂಗಳು ಮಾಂಸ, ಮೊಟ್ಟೆ ತಿನ್ನಿಸಿ, ತೂಕ ಹದಿನಾಲ್ಕೂವರೆಗೆ ಏರಿಸಿ ಕರೆತನ್ನಿ, ಎಂದರು. ಅಜ್ಜಿ ದಾರಿಯುದ್ದಕ್ಕೂ ನಾಯಿಯ ಬೆನ್ನು ಸವರುತ್ತ ಬಂದಳು. ನಾಯಿಯ ತಲೆ ಅವಳ ತೊಡೆಯ ಮೇಲಿತ್ತು.

ಇಲ್ಲೊಂದು ವಿಷಯ ಹೇಳಲೇಬೇಕು. ನಮ್ಮದು ಶೈವರ ಮನೆ. ಮೊಟ್ಟೆ ಎಂಬ ಮಾತು ಬಂದರೂ ಅಮ್ಮ ಕಿಟಕಿ ಮುಚ್ಚುತ್ತಾಳೆ. ಆದರೂ ನಾಯಿ ಹನ್ನೊಂದು ವರ್ಷ ಗುಂಡುಗುಂಡಗೆ ಇತ್ತು. ಕಾರಣ ಹಿಂದಿನ ಮನೆಯಾಕೆ. ಅವಳು ಕೂಲಿಗೆ ಹೋಗುತ್ತಿದ್ದವಳು, ವಾರಕ್ಕೆರಡು ದಿನ ಅವರ ಮನೆಯಲ್ಲಿ ಕೋಳಿಯೋ ಕುರಿಯೋ ಬೇಯುತ್ತಿತ್ತು. ಆ ಎರಡು ದಿನ ನಾಯಿ ನಮ್ಮ ಮಜ್ಜಿಗೆ ಅನ್ನವನ್ನು ಮೂಸಿ ಬಿಟ್ಟು, ಮಧ್ಯಾಹ್ನ ಬಾಯಿ ಚಪ್ಪರಿಸುತ್ತ ಹಿತ್ತಿಲಿನಿಂದ ಬರುತ್ತಿತ್ತು. ಅಜ್ಜಿ ಅದನ್ನು ನೋಡಿ, "ಇವತ್ತು ಸೋಮವಾರ ಅಲ್ವಾ, ಉಪವಾಸ ಮಾಡೈತೆ" ಎನ್ನುತ್ತಿದ್ದಳು. ಸೋಮವಾರವಲ್ಲದ ದಿನವೂ ಎನ್ನುತ್ತಿದ್ದಳು. ಹಿಂದಿನ ಮನೆಯಾಕೆ ಕಳೆದ ಯುಗಾದಿಯಲ್ಲಿ ಪುರವರಕ್ಕೆ, ಮಗಳ ಮನೆಗೆ ಹೋಗಿಬಿಟ್ಟಳು. ನಾಯಿ ಬಡವಾಗಲು ಶುರುವಾದದ್ದು ಆ ಯುಗಾದಿಯಿಂದ. ನಾನು ಇದನ್ನು ಮನೆಯವರ ಮುಂದೆ ಆಧಾರ ಸಮೇತ ಮಂಡಿಸಿದಾಗ ಅಮ್ಮ, ವಯಸ್ಸಾಯ್ತಲ್ಲ ಅದಕ್ಕೆ, ಎಂದಳು.

ಭಾನುವಾರ ಆಕೆಗೇ ಫೋನ್ ಮಾಡಿದೆ. "ಕಳಿಸ್ಕೊಡ್ರವ್ವ ಅತ್ಲಾಗೆ" ಎಂದಳು. "ಒಂದ್ ತಿಂಗ್ಳಲ್ಲಿ ಕುರಿ ಮಾಡಿ ಕಳಿಸ್ತೀನಿ. ನಿಮ್ಮ ಮನ್ಯಾಗೆ ಇದ್ರೆ ಅದು ಸನ್ಯಾಸಿ ಆಗಿ ಹೊಂಟೋಯ್ತದೆ."

ಅಜ್ಜಿ ಫೋನು ಕಿತ್ತುಕೊಂಡು, "ಈ ವಯಸ್ಸಲ್ಲಿ ಅದನ್ನ ಊರು ಬಿಡ್ಸಕಾಗಲ್ಲ ಕಣಮ್ಮ, ಬುಡು" ಎಂದಳು. ಆದರೆ ಅಮ್ಮ ಬಿಡಲಿಲ್ಲ. "ನನ್ನ ಒಲೆ ಮೇಲೆ ಅದೆಲ್ಲ ಆಗಲ್ಲ ಅತ್ತೆ. ನಾನು ಮದುವೆಯಾಗಿ ಬಂದಾಗ ಮಡಿ ಕಲಿಸಿದ್ದು ನೀವೇ. ಒಂದು ಈರುಳ್ಳಿಗೆ ಎಷ್ಟು ದಿನ ಮಾತು ಬಿಟ್ಟಿದ್ರಿ, ನೆನಪೈತಾ?" ಅಜ್ಜಿಗೆ ನೆನಪಿತ್ತು. ಕೊನೆಗೆ ಆದ ಒಪ್ಪಂದ ಇದು: ಒಲೆಗೆ ಏರದಂಥದ್ದು ಏನಾದರೂ ಇದ್ದರೆ ಮನೆಯಲ್ಲಿ ನೋಡೋಣ. ಇಲ್ಲವಾದರೆ ನಾಯಿ ಪುರವರಕ್ಕೆ.

ಒಲೆಗೆ ಏರದಂಥದ್ದು ಮೂರನೇ ದಿನ, ಬುಧವಾರ, ಪಾವಗಡದ ಬಸ್ಸಿನಲ್ಲಿ ಬಂತು. ನನ್ನ ಚಿಕ್ಕಮ್ಮನ ಮಗ ಬಲಸಮುದ್ರದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಸುವ ಮೇಸ್ತ್ರಿ. ಅಲ್ಲಿಂದ ವರ್ಗವಾಗಿ ಹೋದ ಒಬ್ಬ ಇಂಜಿನಿಯರ್ ತನ್ನ ಸಾಕುನಾಯಿಗೆಂದು ತರಿಸಿದ್ದ ಮೂರು ದೊಡ್ಡ ಪೊಟ್ಟಣಗಳನ್ನು ಕ್ವಾರ್ಟರ್ಸಿನಲ್ಲೇ ಬಿಟ್ಟಿದ್ದನಂತೆ. ಒಳಗಿದ್ದದ್ದು ಗಾಳಿಯಲ್ಲಿ ಒಣಗಿಸಿದ ನಾಯಿ ಆಹಾರ: ಕಂದು ಬಣ್ಣದ ತೆಳ್ಳನೆಯ ಚೌಕ ಚೂರುಗಳು, ದೂರದಿಂದ ಒಣಗಿದ ಬೆಲ್ಲದ ಚಕ್ಕೆಯ ಹಾಗೆ.

"ಇದ್ರಾಗೆ ಏನೈತೋ?" ಎಂದು ಅಜ್ಜಿ ಕೇಳಿದಳು.

ಅವನು ನನ್ನ ಮುಖ ನೋಡಿದ. ಪೊಟ್ಟಣದ ಮೇಲೆ ಕುರಿಯ ಚಿತ್ರವೇ ಇತ್ತು. "ಪ್ರೋಟೀನ್ ಅಜ್ಜಿ" ಎಂದ.

"ಯಾವುದರ ಪ್ರೋಟೀನು?"

"ಏಂ ಕಾದು ಅಜ್ಜಿ, ಏನೂ ಆಗಲ್ಲ, ಫಾರಿನ್ನಿಂದು."

ನಮ್ಮ ಪಾವಗಡದಲ್ಲಿ ಪ್ಯಾನೆಲ್ಲುಗಳ ಕೆಳಗೆ ಮಂದೆ ಮಂದೆ ಕುರಿ ಮೇಯುತ್ತಿರುವಾಗ, ಸಮುದ್ರದಾಚೆಯ ಒಂದು ಕುರಿ ಒಣಗಿ, ಹಡಗು ಹತ್ತಿ, ಅದೇ ಬಯಲಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಿತ್ತು. ಅಮ್ಮ ಪೊಟ್ಟಣಗಳನ್ನು ಮೊರದ ಮೇಲೆ ಇಡಿಸಿಕೊಂಡು ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಅರೆಯಲ್ಲಿ ಸ್ಥಾಪಿಸಿದಳು. ಒಳಗೆ ಬರಬೇಕೇ ಬೇಡವೇ ಎಂಬುದನ್ನು ಅಜ್ಜಿಯ ತಮ್ಮ ಹೇಳಬೇಕಿತ್ತು.

ಅಜ್ಜಿಯ ತಮ್ಮ ಕೊರಟಗೆರೆ ಕಡೆ ಸಿದ್ದರಬೆಟ್ಟದ ತಪ್ಪಲಿನ ಒಂದು ಸಣ್ಣ ಗುಡಿಯ ಅರ್ಚಕರು. ಮನೆತನದ ಮಡಿ ಮೈಲಿಗೆಗೆಲ್ಲ ಅವರದೇ ಕೊನೆಯ ಮಾತು. ನಾಲ್ಕನೇ ದಿನ ಬಂದು ಚಪ್ಪಲಿ ಸ್ಟ್ಯಾಂಡಿನ ಮುಂದೆ ಕೈಕಟ್ಟಿ ನಿಂತರು. ನಾನು ಪೊಟ್ಟಣದ ಹಿಂಬದಿಯನ್ನು ಕನ್ನಡ ಮಾಡಿ ಓದಿದೆ: ಬೇಯಿಸಿಲ್ಲ, ಹುರಿದಿಲ್ಲ, ಹದವಾದ ಬೆಚ್ಚಗಿನ ಗಾಳಿಯಲ್ಲಿ ನೀರಿನಂಶ ತೆಗೆಯಲಾಗಿದೆ.

"ಬೆಂಕಿ ಮುಟ್ಟಿಲ್ಲ ಅಂತಾರಾ?"

"ಗಾಳಿ ಮಾತ್ರ ಅಂತಾರೆ."

ನಮ್ಮಲ್ಲಿ ಮುಸುರೆ ಎಂಬ ಕಾನೂನಿದೆ. ನೀರಿನಲ್ಲಿ ಬೆಂದ ಅನ್ನ, ಮುದ್ದೆ ಮುಸುರೆ. ಮುಟ್ಟಿದರೆ ಕೈ ತೊಳೆಯಬೇಕು, ಇಟ್ಟ ಜಾಗ ಒರೆಸಬೇಕು. ಒಣ ಅವಲಕ್ಕಿ, ಪುರಿ ಮುಸುರೆಯಲ್ಲ. ಎಲ್ಲಿ ಬೇಕಾದರೂ ಇಡಬಹುದು. ಅರ್ಚಕರು ಅದೇ ದಾರಿಯಲ್ಲಿ ಯೋಚಿಸಿದರು.

"ನೋಡಕ್ಕ, ನಮ್ಮ ಗುಡೀಲಿ ನಗಾರಿ ಐತೆ. ಅದಕ್ಕೆ ಬಿಗಿದಿರೋದೇನು? ಚರ್ಮ. ಎಲ್ಲೈತೆ? ಗರ್ಭಗುಡಿಯಿಂದ ಹತ್ತು ಹೆಜ್ಜೆ. ಜಿಂಕೆ ಚರ್ಮದ ಮೇಲೆ ಕೂತು ಜಪ ಮಾಡ್ತೀವಿ. ಯಾಕೆ ಬರ್ತದೆ ಅದು? ಒಣಗಿರೋದಕ್ಕೆ. ಒಣಗಿರೋವರ್ಗೂ ಇದು ಬರೀ ಪದಾರ್ಥ. ನೀರು ಬಿತ್ತು ಅಂದ್ರೆ ಮುಸುರೆ, ಅದರಲ್ಲೂ ಆ ಮುಸುರೆ. ಒಣಗಿದ್ದು ಒಳಗೆ, ನೆನೆದದ್ದು ಹೊರಗೆ. ಅಷ್ಟೇ." ಇಷ್ಟು ಹೇಳಿ ನಾಲ್ಕೂವರೆ ಬಸ್ಸಿಗೆ ಹೊರಟರು. ಬಸ್ಸು ಐದಕ್ಕಿದ್ದಿದ್ದರೆ ತೀರ್ಪು ಇಷ್ಟು ಉದಾರವಾಗಿರುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ಐದನೇ ದಿನ ನಾನು ನಾಯಿಯ ಅಲ್ಯೂಮಿನಿಯಂ ತಟ್ಟೆಯ ತುಂಬ, ಮುದ್ದೆ ಹಾಕುವ ಅಳತೆಯಲ್ಲೇ, ಚೂರುಗಳನ್ನು ಹಾಕಿದೆ. ನೀರು ತೆಗೆದ ಮಾಂಸ ಸ್ವಲ್ಪದಲ್ಲೇ ಬಹಳ ಎಂಬುದನ್ನೂ, ವಾರದವರೆಗೆ ಹಳೆಯ ಊಟದ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸಬೇಕೆಂಬುದನ್ನೂ ಪೊಟ್ಟಣದ ಮೇಲೆ ಬರೆದಿದ್ದರು. ಅದನ್ನು ನಾನು ಆರನೇ ದಿನ ಓದಿದೆ. ಅಷ್ಟರಲ್ಲಿ ನಾಯಿ ವಾಂತಿ ಮಾಡಿ, ಎರಡು ಬಕೆಟ್‌ ನೀರು ಕುಡಿದಂತೆ ಕುಡಿದು, ಬಾಗಿಲ ಹಿಂದೆ ಮಲಗಿತ್ತು. ಷರಾ ಕಲಮಿನಲ್ಲಿ "ತಪ್ಪು ನನ್ನದು" ಎಂದಿದೆ.

ಆ ವಾರ ಎದುರುಬದುರಿನ ಎರಡು ಪುಟಗಳಲ್ಲಿ ಅನುಕೂಲ, ಅನಾನುಕೂಲ ಬರೆಯುತ್ತ ಹೋದೆ. ಅನುಕೂಲದ ಪುಟ ಬೇಗ ತುಂಬಿತು. ಬೇಯಿಸಬೇಕಿಲ್ಲ, ಫ್ರಿಜ್ಜಿನಲ್ಲಿ ಇಡಬೇಕಿಲ್ಲ, ನೊಣ ಬರುವುದಿಲ್ಲ, ಒಂದು ಹಿಡಿ ಸಾಕು. ಹೊಟ್ಟೆ ಹೊಂದಿಕೊಂಡ ಮೇಲೆ ಹಿತ್ತಿಲು ಗುಡಿಸುವ ಕೆಲಸವೂ ಅರ್ಧವಾಯಿತು. ಇದನ್ನು ಅಮ್ಮನೇ ಒಪ್ಪಿದಳು. ಅನಾನುಕೂಲದಲ್ಲಿ ಮೊದಲನೆಯದು ವಾಸನೆ. ಮುಚ್ಚಿದ್ದರೆ ಏನೂ ಇಲ್ಲ. ತೆರೆದರೆ, ಮಳೆಯಲ್ಲಿ ನೆಂದ ಚಪ್ಪಲಿಯನ್ನು ಯಾರೋ ತುಪ್ಪದಲ್ಲಿ ಹುರಿದ ಹಾಗೆ. ಎರಡನೆಯದು, ಇಂಜಿನಿಯರ್ ಬಿಟ್ಟುಹೋಗದಿದ್ದರೆ ನಮ್ಮಂಥವರ ಮನೆಗೆ ಬರುವ ಬೆಲೆಯದಲ್ಲ. ಮೂರನೆಯದೇ ನಿಜವಾದದ್ದು: ಗಟ್ಟಿ. ಹನ್ನೆರಡು ವರ್ಷದ ನಾಯಿಗೆ ಹಿಂದಿನ ಹಲ್ಲುಗಳು ಸವೆದುಹೋಗಿದ್ದವು. ಒಂದೊಂದು ಚೂರನ್ನೂ ನಾಲಗೆಯಲ್ಲಿ ಹೊರಳಿಸಿ, ಬೇಸತ್ತು, ಅಜ್ಜಿಯ ಪಾದದ ಹತ್ತಿರ ಇಡುತ್ತಿತ್ತು.

ಆದರೂ ಎಂಟನೇ ದಿನ, ಸೋಮವಾರ, ತೂಕ ಹದಿಮೂರೂವರೆ ಬಂತು. ಮುನ್ನೂರು ಗ್ರಾಂ ಹೆಚ್ಚು. ಅಜ್ಜಿ ನಾಯಿಗೆ ದೃಷ್ಟಿ ತೆಗೆದಳು. ನಾನು ತೂಕ ಮಾಡುವ ಕ್ರಮ ಹೀಗೆ: ನಾಯಿಯನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲುವುದು, ಬಂದದ್ದರಲ್ಲಿ ನನ್ನ ತೂಕ ಕಳೆಯುವುದು. ಮರುದಿನ ಏನೋ ಸಂಶಯ ಬಂದು ನಾನೊಬ್ಬಳೇ ನಿಂತು ನೋಡಿದೆ. ನಡುವೆ ಒಂದು ಮದುವೆ, ಒಂದು ಗೃಹಪ್ರವೇಶ ಆಗಿದ್ದವು. ನಾನು ಆರುನೂರು ಗ್ರಾಂ ಹೆಚ್ಚಾಗಿದ್ದೆ. ಕಳೆದಿದ್ದು ಹಿಂದಿನ ವಾರದ ನನ್ನ ತೂಕವನ್ನು. ಅಂದರೆ ನಾಯಿ ಹನ್ನೆರಡು ಕಿಲೋ ಒಂಬೈನೂರಕ್ಕೆ ಇಳಿದಿತ್ತು. ತೆಗೆದ ದೃಷ್ಟಿ ನನಗೆ ಸಂದಿತ್ತು.

ಅಜ್ಜಿಗೆ ಹೇಳಿದಾಗ ಬಯ್ಯಲಿಲ್ಲ. "ಹೆಂಗೆ ತಿಂತದೆ ಅದು? ಕಲ್ಲು ಹಾಕ್ದಂಗೆ ಹಾಕ್ತಿದೀವಿ" ಎಂದಳು. "ನೆನೆಸಿದ್ರೆ ಮೆತ್ತಗಾಗಲ್ವಾ?"

ಪೊಟ್ಟಣದ ಮೇಲೆ ಅದೂ ಇತ್ತು: ವಯಸ್ಸಾದ ನಾಯಿಗೆ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಕೊಡಿ. ಆದರೆ ನೆನೆದದ್ದು ಹೊರಗೆ. ಒಂಬತ್ತನೇ ದಿನದಿಂದ ನಾನು ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕ ತಟ್ಟೆಯಿಟ್ಟು, ನೆನೆಸಿ, ಕರೆದೆ. ನಾಯಿ ಬಂತು, ಮೂಸಿತು, ನೆಕ್ಕಲು ನಾಲಗೆ ಹೊರಗೆ ತೆಗೆಯಿತು. ಆಮೇಲೆ ಏನೋ ನೆನಪಾದಂತೆ ತಿರುಗಿ ಒಳಗೆ ಹೋಗಿ ಅಡುಗೆಮನೆಯ ಹೊಸಿಲಿನ ಈಚೆ ಕೂತಿತು.

ಹನ್ನೆರಡು ವರ್ಷ ಅದು ನಮ್ಮ ಮನೆಯ ಊಟವನ್ನು ಉಂಡದ್ದು ಅಲ್ಲೇ. ಅಜ್ಜಿ ಪೂಜೆ ಮುಗಿಸಬೇಕು, ವಿಭೂತಿ ಹಚ್ಚಬೇಕು, ತಾನು ಊಟಕ್ಕೆ ಕೂರಬೇಕು. ಆಮೇಲೆಯೇ ಇದು ತಟ್ಟೆಗೆ ಬಾಯಿ ಹಾಕುವುದು. ಪರರ ಮನೆಯ ಮೂಳೆಗೆ ಈ ಕ್ರಮವೇನೂ ಇರಲಿಲ್ಲ, ಆದರೆ ನಮ್ಮ ಮನೆಯ ತಟ್ಟೆಗೆ ಇತ್ತು. ಮನೆಯಲ್ಲಿ ನಿಜವಾಗಿ ಮಡಿ ಪಾಲಿಸುತ್ತಿದ್ದದ್ದು ನಾಯಿ ಒಂದೇ ಎಂದು ನನಗೆ ಆಗ ಗೊತ್ತಾಯಿತು. ಮೂರು ದಿನ, ಆರು ತಟ್ಟೆ ಹೊರಗಿಟ್ಟೆ. ಲೆಕ್ಕ: ಕಾಗೆ ನಾಲ್ಕು, ಪಕ್ಕದ ಮನೆಯ ಬೆಕ್ಕು ಎರಡು, ನಾಯಿ ಸೊನ್ನೆ. ಬೆಕ್ಕು ಆ ವಾರ ಚೆನ್ನಾಗಿ ಕಾಣುತ್ತಿತ್ತು.

ಅಮ್ಮ ಪುರವರದ ಮಾತೆತ್ತಿದಳು. "ಇನ್ನು ಹದಿನೆಂಟು ದಿನ ಅತ್ತೆ. ಹಟ ಮಾಡಿದ್ರೆ ನಾಯಿನೇ ಉಳಿಯಲ್ಲ." ಅಮ್ಮ ಕಟುಕಿಯಲ್ಲ; ಆ ಮಾತು ಆಡುವಾಗ ಅವಳು ನಾಯಿಯ ಕಡೆ ನೋಡಲಿಲ್ಲ.

ಹನ್ನೆರಡನೇ ದಿನ, ಶುಕ್ರವಾರ, ಅಜ್ಜಿ ಪೂಜೆ ಮುಗಿಸಿ, ನಾಯಿಗೆ ವಿಭೂತಿ ಹಚ್ಚಿ, ತನ್ನ ತಟ್ಟೆಯನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ಒಗೆಯುವ ಕಲ್ಲಿನ ಮೇಲೆ ಮಣೆ ಹಾಕಿ ಕೂತು, ಮುದ್ದೆ ಮುರಿದಳು. ನಾಯಿ ಹೊಸಿಲ ಹತ್ತಿರ ನಿಂತು ಆ ಕಡೆ ಈ ಕಡೆ ನೋಡಿತು. ಅಜ್ಜಿ ಕರೆಯಲಿಲ್ಲ, ತಿನ್ನುತ್ತ ಹೋದಳು. ಎರಡನೇ ತುತ್ತಿಗೆ ನಾಯಿ ಹಿತ್ತಿಲಿಗೆ ಇಳಿಯಿತು. ನೆನೆದ ತಟ್ಟೆ ಪೂರ್ತಿ ಖಾಲಿಯಾಯಿತು. ಷರಾ: "ಅಜ್ಜಿ ಮುದ್ದೆ ಒಂದು, ನಾಯಿ ಹಿಡಿ ಒಂದೂವರೆ. ಇಬ್ಬರೂ ಪೂರ್ತಿ."

ಅಂದಿನಿಂದ ಅಜ್ಜಿಯ ಊಟ ದಿನಕ್ಕೆ ಎರಡು ಹೊತ್ತು ಹಿತ್ತಿಲಲ್ಲಿ. ಬೀದಿಯಲ್ಲಿ ಹೋಗುವವರು ಗೋಡೆಯ ಮೇಲಿಂದ ಇಣುಕಿ, ಸೊಸೆ ಆಚೆ ಹಾಕಿದಾಳಾ ಎಂದು ಕೇಳತೊಡಗಿದರು. ಅಮ್ಮನಿಗೆ ತಲೆ ಎತ್ತಲಾಗದ ಹಾಗಾಯಿತು. "ಅತ್ತೆ, ಜನ ಏನಂತಾರೆ, ಒಳಗೆ ಬನ್ನಿ." "ಬಂದ್ರೆ ಇದೂ ಬತ್ತದೆ ಕಣಮ್ಮ. ತಟ್ಟೆ ಬರಂಗಿಲ್ವಲ್ಲ." ಹದಿನೈದನೇ ದಿನ ಹದಿಮೂರು ಮುನ್ನೂರು. ಈ ಸಲ ನನ್ನನ್ನು ಮೊದಲು ತೂಗಿಕೊಂಡೆ.

ಹತ್ತೊಂಬತ್ತನೇ ದಿನ ಅರ್ಚಕರು ಬಂದರು. ಅಕ್ಕ ಒಗೆಯುವ ಕಲ್ಲಿನ ಮೇಲೆ, ಪಕ್ಕದಲ್ಲಿ ನಾಯಿ, ಇಬ್ಬರ ಹಣೆಯಲ್ಲೂ ವಿಭೂತಿ, ಇಬ್ಬರ ಬಾಯಿಯಲ್ಲೂ ತುತ್ತು. ಅವರು ಹಿತ್ತಿಲ ಬಾಗಿಲಲ್ಲೇ ನಿಂತರು.

"ಇದೇನಕ್ಕ, ಮನೆಯಿಂದ ಹೊರಗಾಕ್ದೋರ ಥರ."

"ನೀನೇ ಅಲ್ವೇನಪ್ಪ ಹಾಕಿದ್ದು. ನೆನೆದದ್ದು ಹೊರಗೆ ಅಂದೆ. ನೆನೆಸಿದ್ವಿ, ಬಂದ್ವಿ."

"ನಾನು ನಾಯಿ ತಟ್ಟೆಗೆ ಹೇಳಿದ್ದು ಕಣಕ್ಕ, ನಿಂಗಲ್ಲ."

"ಅದಕ್ಕೆ ನಾನಿಲ್ದೆ ಊಟ ಇಲ್ಲ. ಅದಕ್ಕೆ ಹೇಳಿದ್ದು ನಂಗೂ ಹೇಳ್ದಂಗೆ."

ಅವರು ಕೂತು ಬಹಳ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು. ನೀರಲ್ಲಿ ಕಲಸಿದರೆ ಮುಸುರೆ. ಹಾಲಲ್ಲಿ ಕಲಸಿದರೆ ಅಲ್ಲ. ಹಾಲಲ್ಲಿ ಹಿಟ್ಟು ಕಲಸಿ ಮಾಡಿದ್ದನ್ನು ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವುದಿಲ್ಲವೇ. "ಹಾಲಲ್ಲಿ ನೆನೆಸಿ, ಒಳಗೇ ಹಾಕಿ. ಶಾಸ್ತ್ರ ಒಪ್ತದೆ."

ಅಜ್ಜಿ ನನ್ನ ಕಡೆ ನೋಡಿದಳು. ನಾನು ಪುಸ್ತಕ ತಿರುವಿ ಹೇಳಿದೆ: ಆರನೇ ದಿನ ಅರ್ಧ ಲೋಟ ಹಾಲು ಕೊಟ್ಟಿದ್ದಕ್ಕೆ ಮೂರು ಸಲ ಭೇದಿ.

"ಶಾಸ್ತ್ರ ಒಪ್ತದೆ, ಅದರ ಹೊಟ್ಟೆ ಒಪ್ಪಲ್ಲ" ಎಂದು ಅಜ್ಜಿ ಕೈ ತೊಳೆದಳು. "ನಾವು ಇಲ್ಲೇ ಚೆನ್ನಾಗಿದೀವಿ, ನೀನು ಹೋಗಿ ಒಳಗೆ ಊಟ ಮಾಡು." ಅವರು ಒಳಗೆ ಹೋಗಿ ಊಟ ಮಾಡಿದರು. ಅಮ್ಮ ಎರಡು ಸಲ ಸಾರು ಬಡಿಸಿದಳು.

ಇಪ್ಪತ್ತೆರಡನೇ ದಿನ ಹದಿಮೂರು ಒಂಬೈನೂರು. ಇಪ್ಪತ್ತೊಂಬತ್ತನೇ ದಿನ ಹದಿನಾಲ್ಕು ಮುನ್ನೂರೈವತ್ತು. ಮೂರನೇ ಪೊಟ್ಟಣದ ತಳ ಕಾಣುತ್ತಿತ್ತು. ಮೂವತ್ತನೇ ದಿನ, ಮಂಗಳವಾರ, ಸಿರಾಕ್ಕೆ ಹೋದೆವು. ವೈದ್ಯರ ಯಂತ್ರ ಹದಿನಾಲ್ಕು ನಾನೂರು ತೋರಿಸಿತು. ನೂರು ಗ್ರಾಂ ಕಡಿಮೆ. ನಾನು ಅದನ್ನು ಹೇಳಲು ಬಾಯಿ ತೆರೆದೆ; ಅಜ್ಜಿ ನನ್ನ ಕಾಲು ತುಳಿದಳು.

ವೈದ್ಯರು ಯಂತ್ರ ನೋಡುವುದಕ್ಕಿಂತ ಹೆಚ್ಚು ಹೊತ್ತು ನಾಯಿಯ ಒಸಡು ನೋಡಿದರು, ರಕ್ತ ತೆಗೆದರು. "ಮೈ ಕಟ್ಟಿದೆ. ಗುರುವಾರ ಮಾಡೋಣ. ಏನು ಹಾಕಿದಿರಿ?"

ನಾನು ಪುಸ್ತಕ ಕೊಟ್ಟೆ. ಅವರು ನಾಲ್ಕು ಪುಟ ತಿರುವಿ, "ಅಜ್ಜಿ ಮುದ್ದೆ ಒಂದು ಅಂತ ಯಾಕೆ ಬರೆದಿದ್ದೀರಿ?" ಎಂದು ಕೇಳಿದರು. ಅದೂ ಚಿಕಿತ್ಸೆಯ ಭಾಗ ಎಂದೆ.

ಗುರುವಾರ ಗಂಟು ತೆಗೆದರು. ಸಾಯಂಕಾಲ ನಾಯಿ ಕಣ್ಣು ಬಿಟ್ಟಿತು. ಅಜ್ಜಿ ಅಲ್ಲಿಯವರೆಗೆ ಬೆಂಚಿನ ಮೇಲೆ ಕೂತು ನೀರೂ ಕುಡಿದಿರಲಿಲ್ಲ. ಕಳಿಸುವಾಗ ವೈದ್ಯರು ಹೇಳಿದ್ದು: ಹೊಲಿಗೆ ಬಿಚ್ಚುವವರೆಗೆ ಹತ್ತು ದಿನ ಮಣ್ಣು ತಾಕಬಾರದು, ಹಿತ್ತಿಲು ಗಿತ್ತಿಲು ಬೇಡ, ಮನೆಯೊಳಗೇ ಇರಬೇಕು, ಒಳಗೇ ತಿನ್ನಬೇಕು, ಮೆತ್ತಗೆ ನೆನೆಸಿಯೇ ಕೊಡಬೇಕು.

ಅಜ್ಜಿ ವ್ಯಾನಿನಲ್ಲಿ ನನ್ನ ಮೊಬೈಲಿನಿಂದ ತಮ್ಮನಿಗೆ ಫೋನ್ ಮಾಡಿಸಿದಳು. ನಾಯಿ ಅವಳ ತೊಡೆಯ ಮೇಲೆ ಅರೆನಿದ್ದೆಯಲ್ಲಿತ್ತು.

"ಆಪ್ರೇಷನ್ ಆಯ್ತು ಕಣಪ್ಪ. ನಾಳೆಯಿಂದ ಒಳಗೇ ಹಾಕ್ತೀನಿ, ನೀರಲ್ಲೇ ನೆನೆಸ್ತೀನಿ. ಕೇಳ್ತಿಲ್ಲ, ಹೇಳ್ತಿದೀನಿ. ನೀನು ಬಂದಾಗ ಬೇಕಾದ್ರೆ ಹಿತ್ತಿಲಲ್ಲಿ ಉಣ್ಣು. ಕಲ್ಲು ತೊಳೆಸಿರ್ತೀನಿ."

ಆ ಕಡೆಯಿಂದ ಅವರು, ಏನಕ್ಕ, ಎದ್ದು ನಿಂತಿತಾ ಅದು, ನೀರು ಕುಡೀತಾ, ಎಂದು ಕೇಳಿದರು.